ಇಸಿಜಿ ಓದೋಕೆ ನಾನು ಹೆಂಗ್ ಕಲ್ತೆ

ಹೌಸ್ ಸರ್ಜನ್ಸಿ ಶುರುನಲ್ಲಿ ಇಸಿಜಿ ಪೇಪರ್ ಕೈಗೆ ಬಂದ್ರೆ ಮೇಲ್ಗಡೆ ಮಷೀನೇ ಪ್ರಿಂಟ್ ಮಾಡಿರೋ ಸಾಲು ಓದಿ, ನಾನೇ ಕಂಡುಹಿಡಿದೋನ ಥರ ತಲೆ ಆಡಿಸ್ತಿದ್ದೆ. ಒಬ್ರು ಸೀನಿಯರ್ ಇದನ್ನ ಗಮನಿಸಿ ಆ ಸಾಲನ್ನ ಹಿಂದಕ್ಕೆ ಮಡಚಿ "ಈಗ ಹೇಳಪ್ಪ" ಅಂದ್ರು, ಬಾಯೇ ಬರ್ಲಿಲ್ಲ.

ಅವತ್ತಿಂದ ಚೌಕ ಎಣಿಸೋಕೆ ಕೂತೆ. ಪೇಪರ್ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತೆ, ಹಂಗಾಗಿ ಚಿಕ್ಕ ಚೌಕ ಅಂದ್ರೆ 0.04 ಸೆಕೆಂಡ್, ದೊಡ್ಡದು 0.2. ಎರಡು ಆರ್ (ಪ್ರತಿ ಬಡಿತದಲ್ಲಿ ಮೇಲಕ್ಕೇಳೋ ಚೂಪು ಮೊನೆ) ಮಧ್ಯ ಎಷ್ಟು ದೊಡ್ಡ ಚೌಕ ಇದೆಯೋ ಅಷ್ಟರಿಂದ 300ನ ಭಾಗಿಸಿದ್ರೆ ನಿಮಿಷಕ್ಕೆ ಎಷ್ಟು ಬಡಿತ ಅನ್ನೋ ರೇಟ್, ನಾಲ್ಕಿದ್ರೆ 75. ಬಡಿತ ಅಡ್ಡಾದಿಡ್ಡಿ ಇದ್ರೆ ಈ ಲೆಕ್ಕ ಕೈ ಕೊಡುತ್ತೆ, ಆಗ ಕೆಳಗಿನ ಉದ್ದ ಸ್ಟ್ರಿಪ್‌ನಲ್ಲಿ 30 ದೊಡ್ಡ ಚೌಕದೊಳಗೆ, ಅಂದ್ರೆ ಆರು ಸೆಕೆಂಡಲ್ಲಿ, ಎಷ್ಟು ಕ್ಯೂಆರ್‌ಎಸ್ (ಆ ಆರ್ ಇರೋ ದೊಡ್ಡ ಅಲೆ, ಬಡಿತಕ್ಕೊಂದು) ಬಂತು ನೋಡಿ ಹತ್ತರಿಂದ ಗುಣಿಸೋದು. ಆಮೇಲೆ ಪ್ರತಿ ಕ್ಯೂಆರ್‌ಎಸ್‌ಗೆ ಮುಂಚೆ ಪಿ ಅನ್ನೋ ಒಂದು ಚಿಕ್ಕ ಅಲೆ ಇದ್ಯಾ, ಪಿಆರ್ (ಪಿ ಶುರುವಿಂದ ಕ್ಯೂಆರ್‌ಎಸ್ ಶುರುವರೆಗಿನ ಅಂತರ) ಮೂರರಿಂದ ಐದು ಚಿಕ್ಕ ಚೌಕದೊಳಗೆ ಇದ್ಯಾ ಅಂತ. (ಎದೆನೋವು ಅಂತ ಬಂದೋರದ್ದಾದ್ರೆ ಈ ಎಣಿಕೆ ಎಲ್ಲ ಆಮೇಲೆ, ಹತ್ತು ನಿಮಿಷದೊಳಗೆ ಇಸಿಜಿ ತೆಗೆದು ಗೊತ್ತಿರೋರ ಕಣ್ಣಿಗೆ ಬೀಳಿಸ್ಬೇಕು.)

ನಂಗೆ ನಿಜವಾಗ್ಲೂ ಉಪಯೋಗ ಆಗಿದ್ದು ನಾರ್ಮಲ್ ಇಸಿಜಿಗಳು. ಎಲ್ರೂ ಹಾರ್ಟ್ ಅಟ್ಯಾಕ್‌ದು ಹುಡುಕ್ತಾರೆ, ನಾನು ಆಪರೇಷನ್‌ಗೆ ಮುಂಚೆ ತೆಗೆಯೋ ಮಾಮೂಲಿ ಇಸಿಜಿಗಳನ್ನೇ ದಿನಾ ಐದಾರು ಓದ್ತಿದ್ದೆ, ಕಣ್ಣಿಗೆ ಅದು ಕೂತ್ಕೊಂಡ್ಮೇಲೆ ಕೆಟ್ಟಿದ್ದು ತಾನಾಗೇ ಚುಚ್ಚುತ್ತೆ.

ಒಂದ್ ರಾತ್ರಿ ಮಾತ್ರ ಮರ್ಯಾದೆ ಹೋಯ್ತು. ಹರ್ನಿಯಾ ಆಪರೇಷನ್‌ಗೆ ಬಂದಿದ್ದ ತಾತನ ಇಸಿಜಿ ನಾನೇ ತೆಗ್ದೆ, ನೋಡಿದ್ರೆ ಲೀಡ್ 1ರಲ್ಲಿ (ಲೀಡ್ ಅಂದ್ರೆ ಹೃದಯನ ಒಂದೊಂದು ದಿಕ್ಕಿಂದ ನೋಡಿದ ಗೆರೆ) ಪಿ, ಕ್ಯೂಆರ್‌ಎಸ್, ಅದರ ನಂತರದ ಟಿ ಅಲೆ ಎಲ್ಲಾ ತಲೆಕೆಳಗು, ಮಾಮೂಲಿಯಾಗಿ ತಲೆಕೆಳಗಿರೋ ಎವಿಆರ್ ಲೀಡ್ ನೆಟ್ಟಗೆ ನಿಂತಿದೆ. ಹೃದಯ ಬಲಗಡೆ ಇರೋ ಕೇಸ್ ಸಿಕ್ಬಿಡ್ತು ಅಂತ ಓಡಿಹೋಗಿ ಸೀನಿಯರ್‌ನ ಎಬ್ಬಿಸ್ದೆ. ಅವರು ಅರ್ಧ ಕಣ್ಣು ಬಿಟ್ಟು "ಎದೆ ಲೀಡ್ ನೋಡಿದ್ಯಾ?" ಅಂದ್ರು. ಎದೆ ಲೀಡ್‌ಗಳಲ್ಲಿ ವಿ1ರಿಂದ (ಎದೆ ಬಲಗಡೆದು) ವಿ5ರ (ಎಡಗಡೆದು) ಕಡೆ ಆರ್ ಚೆನ್ನಾಗೇ ಬೆಳೀತಿತ್ತು, ಹೃದಯ ಬಲಗಡೆ ಇದ್ದಿದ್ರೆ ಅದು ಕುಗ್ಗುತ್ತಾ ಹೋಗ್ಬೇಕಿತ್ತು. "ಹೋಗಿ ವೈರ್ ನೋಡು." ಹೋಗಿ ನೋಡಿದ್ರೆ ಬಲಗೈಲಿರ್ಬೇಕಾದ ಕೆಂಪು ಎಡಗೈಲಿ, ಎಡಗೈದು ಹಳದಿ ಬಲಗೈಲಿ, ಕ್ಲಿಪ್ ಹಾಕ್ದೋನು ನಾನೇ.

ಮತ್ತೆ ಜೆಲ್ ಹಚ್ಚೋಕೆ ಹೋದ್ರೆ ತಾತ "ಯಾಕಪ್ಪಾ, ಹಾರ್ಟಲ್ಲಿ ಏನಾದ್ರೂ ಇದ್ಯಾ?" ಅಂತ ಗಾಬರಿ ಆದ್ರು. ಪೇಪರ್ ಸಿಕ್ಕಾಕೊಂಡಿತ್ತು ತಾತ ಅಂದೆ.