ಪಾಕೆಟ್ ಅರ್ಧ ಇಂಚು ಚಿಕ್ಕದಾದರೆ ಆಟ ಎಷ್ಟು ಬದಲಾಗುತ್ತದೆ?

ಪೂಲ್ ಅಂದರೆ ಟೇಬಲ್ ಮೇಲೆ ಕ್ಯೂ ಅನ್ನುವ ಕೋಲಿನಿಂದ ಬಿಳಿ ಬಾಲ್ ಹೊಡೆದು, ಅದರಿಂದ ಬೇರೆ ಬಾಲುಗಳನ್ನು ಪಾಕೆಟ್ ಅನ್ನುವ ತೂತಿಗೆ ಬೀಳಿಸುವ ಆಟ. ನಾನು ಅದನ್ನು ಆಡುವುದು ಮುಂಬೈ ಆಸುಪಾಸಿನ ಎರಡು ಕಡೆ. ಭಾನುವಾರ ಡೊಂಬಿವಲಿಯಲ್ಲಿ ಮನೆ ಹತ್ತಿರದ ಪಾರ್ಲರಿನಲ್ಲಿ. ವಾರದ ಮಧ್ಯೆ ಬಿಡುವಾದರೆ ಅಂಧೇರಿಯಲ್ಲಿ, ಆಫೀಸಿನ ಪಕ್ಕ. ಎರಡೂ 9 ಅಡಿಯ ಟೇಬಲ್. ಬಾಲ್ ಒಂದೇ ಸೈಜು, ಕ್ಯೂ ನನ್ನದೇ. ಆದರೂ ಡೊಂಬಿವಲಿಯಲ್ಲಿ ಸಲೀಸಾಗಿ ಆಡುವ ನಾನು ಅಂಧೇರಿಯಲ್ಲಿ ಒಂದು ರ‍್ಯಾಕ್ (ಒಂದು ಸಲ ಜೋಡಿಸಿದ ಬಾಲುಗಳ ಆಟ) ಮುಗಿಸಲು ಒದ್ದಾಡುತ್ತಿದ್ದೆ. ವ್ಯತ್ಯಾಸ ಇದ್ದದ್ದು ಪಾಕೆಟ್ಟಿನ ಬಾಯಲ್ಲಿ.

ಇದನ್ನು ಅಳೆಯಲು ಟೇಪ್ ಬೇಕಿಲ್ಲ. ಪೂಲ್ ಬಾಲಿನ ಅಗಲ ಎರಡೂಕಾಲು ಇಂಚು. ಎರಡು ಬಾಲ್ ಒಂದಕ್ಕೊಂದು ತಾಗಿಸಿ ಕಾರ್ನರ್ ಪಾಕೆಟ್ಟಿನ ಬಾಯಿಗೆ ಇಟ್ಟು ನೋಡಿ. ಎರಡೂ ಬದಿಯ ತುದಿಗೆ ಸವರಿಕೊಂಡು ಕೂತರೆ ಅದು ನಾಲ್ಕೂವರೆ ಇಂಚು. ಡೊಂಬಿವಲಿಯಲ್ಲಿ ಎರಡು ಬಾಲ್ ಇಟ್ಟ ಮೇಲೂ ಪಕ್ಕದಲ್ಲಿ ಬೆರಳು ತೂರುವಷ್ಟು ಜಾಗ ಉಳಿಯುತ್ತದೆ, ಅಂದರೆ ಹತ್ತಿರ ಹತ್ತಿರ ಐದು ಇಂಚು. ಅಂಧೇರಿಯಲ್ಲಿ ಎರಡೂ ಬಾಲ್ ಬಿಗಿಯಾಗಿ ಕೂರುತ್ತವೆ. ವಿಶ್ವ ಪೂಲ್-ಬಿಲಿಯರ್ಡ್ ಸಂಸ್ಥೆಯ ನಿಯಮದಲ್ಲಿ ಕಾರ್ನರ್ ಪಾಕೆಟ್ 4.5 ರಿಂದ 4.625 ಇಂಚು, ಮಧ್ಯದ ಪಾಕೆಟ್ 5 ರಿಂದ 5.125 ಇಂಚು. ಹಾಗಾಗಿ ಅಂಧೇರಿಯದ್ದು ಕಷ್ಟದ ಟೇಬಲ್ ಅಲ್ಲ, ನಿಯಮದ ಟೇಬಲ್. ಸಡಿಲ ಇದ್ದದ್ದು ನಮ್ಮ ಡೊಂಬಿವಲಿಯದ್ದು.

ಅರ್ಧ ಇಂಚು ಏನು ಮಹಾ, ಅಲ್ವಾ? ಲೆಕ್ಕ ಹಾಕಿ ನೋಡಿ. ಐದು ಇಂಚಿನ ಬಾಯಿಂದ ಬಾಲಿನ ಅಗಲ ಕಳೆದರೆ ಉಳಿಯುವ ಬಿಡುವು 2.75 ಇಂಚು. ನಾಲ್ಕೂವರೆಯಲ್ಲಿ ಉಳಿಯುವುದು 2.25. ಬಾಯಿ ಕುಗ್ಗಿದ್ದು ನೂರಕ್ಕೆ 10, ಬಿಡುವು ಕುಗ್ಗಿದ್ದು ನೂರಕ್ಕೆ 18. ಇನ್ನೂ ಬಿಗಿ ಮಾಡಿ ನಾಲ್ಕು ಇಂಚಿಗೆ ತಂದರೆ ಬಿಡುವು ಬರೀ 1.75.

ಇಷ್ಟಾದರೂ, ನನ್ನ ಆಟ ಕೆಟ್ಟಿದ್ದು ಗುರಿಯಿಂದ ಅಂತ ನನಗನ್ನಿಸುವುದಿಲ್ಲ. ಕೆಟ್ಟಿದ್ದು ಜೋರಿನಿಂದ. ಸಡಿಲ ಪಾಕೆಟ್ಟಿನಲ್ಲಿ ಕುಶನ್ (ಟೇಬಲ್ಲಿನ ಅಂಚಿನ ರಬ್ಬರ್ ಗೋಡೆ) ಪಕ್ಕದ ಬಾಲನ್ನು ಎಷ್ಟು ಜೋರಾಗಿ ಹೊಡೆದರೂ ಬೀಳುತ್ತದೆ. ಬಿಗಿ ಪಾಕೆಟ್ಟಿನಲ್ಲಿ ಅದೇ ಬಾಲ್ ಬಾಯಿಯ ಒಂದು ಬದಿಗೆ ಬಡಿದು, ಇನ್ನೊಂದು ಬದಿಗೆ ಬಡಿದು, ಟಕಟಕ ಅಂತ ಕುಣಿದು ಹೊರಗೆ ಬರುತ್ತದೆ. ಮೆಲ್ಲಗೆ ಹೋದ ಬಾಲ್ ಬದಿಗೆ ತಾಗಿದರೂ ಅಲ್ಲೇ ಜೋರು ಕಳೆದುಕೊಂಡು ಒಳಗೆ ಉರುಳುತ್ತದೆ.

ಇದನ್ನು ನನಗೆ ಹೇಳಿಕೊಟ್ಟವರು ಕಾಪು ಕಡೆಯ ಒಬ್ಬ ಅಣ್ಣ. ಹಗಲೆಲ್ಲ ಹೋಟೆಲಿನ ಗಲ್ಲಾದಲ್ಲಿ ಕೂತು ರಾತ್ರಿ ಆಡಲು ಬರುತ್ತಾರೆ. ಆರಾಮಾಗಿ ಚಾಕ್ ಹಚ್ಚುತ್ತಾ ನೋಡುತ್ತಿದ್ದವರು, "ಎಂಥದು ಮಾರಾಯ, ಅಷ್ಟು ಜೋರು ಯಾಕೆ? ಬಾಲಿಗೆ ಒಳಗೆ ಹೋಗ್ಲಿಕ್ಕೆ ಟೈಮ್ ಕೊಡು" ಅಂದರು.

"ಅಣ್ಣ, ಮೆಲ್ಲಗೆ ಹೊಡೆದ್ರೆ ಬಿಳಿ ಬಾಲ್ ಮುಂದಿನ ಬಾಲಿಗೆ ಬರೋದಿಲ್ವಲ್ಲ?"

"ಹಾಗಾದ್ರೆ ಬಿಳಿ ಬಾಲನ್ನು ಮೊದಲೇ ಹತ್ತಿರ ಇಟ್ಟುಕೊಳ್ಬೇಕಿತ್ತು."

ವಿಷಯ ಇರುವುದೇ ಇಲ್ಲಿ. ಬಿಳಿ ಬಾಲ್, ಬಣ್ಣದ ಬಾಲ್, ಪಾಕೆಟ್ ಮೂರೂ ನೇರ ಗೆರೆಯಲ್ಲಿವೆ ಅಂದುಕೊಳ್ಳಿ. ಆಗ ಬಿಳಿ ಬಾಲನ್ನು ನಿಲ್ಲಿಸಬಹುದು, ಮುಂದೆ ಬಿಡಬಹುದು, ಸ್ಕ್ರೂ ಹಾಕಿ, ಅಂದರೆ ಬಾಲಿನ ಕೆಳಭಾಗಕ್ಕೆ ಹೊಡೆದು, ಹಿಂದೆ ತರಬಹುದು. ಎಲ್ಲವೂ ಅದೇ ಗೆರೆಯಲ್ಲಿ. ಪಕ್ಕಕ್ಕೆ ಕಳಿಸಲು ಆಗುವುದಿಲ್ಲ. ದೊಡ್ಡ ಪಾಕೆಟ್ಟಿನಲ್ಲಿ ಇದಕ್ಕೊಂದು ಉಪಾಯ ಇದೆ. ಬಾಲನ್ನು ಪಾಕೆಟ್ಟಿನ ನಡುವಿಗೆ ಕಳಿಸದೆ ಎಡ ಅಂಚಿಗೆ ಕಳಿಸಿದರೆ ಬಿಳಿ ಬಾಲ್ ಸ್ವಲ್ಪ ಬಲಕ್ಕೆ ಜಾರುತ್ತದೆ. ಪೊಸಿಷನ್ ತಪ್ಪಿದ್ದರೂ ಹೀಗೆ ಸರಿ ಮಾಡಿಕೊಳ್ಳಬಹುದು. ಡೊಂಬಿವಲಿಯಲ್ಲಿ ನಾನು ಇದನ್ನು ಗೊತ್ತಿಲ್ಲದೆಯೇ ಮಾಡುತ್ತಿದ್ದೆ. ಬಿಗಿ ಪಾಕೆಟ್ ಈ ಸಾಲ ಕೊಡುವುದಿಲ್ಲ. ಹಿಂದಿನ ಹೊಡೆತದಲ್ಲೇ ಸ್ವಲ್ಪ ಓರೆ ಕೋನ ಉಳಿಸಿಕೊಂಡು ಬರಬೇಕು.

ಅದಕ್ಕೇ ಅಂಧೇರಿಯಲ್ಲಿ ಮೊದಲು ಬದಲಾಯಿಸಿದ್ದು ಬಾಲ್ ತೆಗೆಯುವ ಕ್ರಮವನ್ನು. ಕುಶನ್ನಿಗೆ ಅಂಟಿಕೊಂಡ ಬಾಲಿಗೆ ಬಿಳಿ ಬಾಲ್ ಹತ್ತಿರ ಬರುವಂತೆ ದಾರಿ ನೋಡಿಕೊಂಡೆ. ಬರದಿದ್ದರೆ ಸೇಫ್ಟಿ, ಅಂದರೆ ಬೀಳಿಸಲು ನೋಡದೆ ಎದುರಾಳಿಗೆ ಕಷ್ಟವಾಗುವಂತೆ ಬಿಡುವ ಹೊಡೆತ. ಇಬ್ಬರಿಗೂ ಬೇರೆ ಬೇರೆ ಬಾಲ್ ಇರುವ ಎಯ್ಟ್ ಬಾಲ್ ಆಟದಲ್ಲಿ ನನ್ನ ಬಾಲ್ ಬಾಯಲ್ಲೇ ನಿಂತರೂ ಬೇಜಾರಿಲ್ಲ, ಎದುರಾಳಿಗೆ ಆ ಪಾಕೆಟ್ ಮುಚ್ಚಿದಂತೆಯೇ.

ಮಳೆಗಾಲದಲ್ಲಿ ಮಾತ್ರ ಮೆಲ್ಲಗೆ ಹೊಡೆಯುವುದು ಅಷ್ಟು ಸುಲಭ ಅಲ್ಲ. ಜೂನ್ ಬಂತು ಅಂದರೆ ಮುಂಬೈ ಗಾಳಿ ಹೇಗಿರುತ್ತದೆ ಗೊತ್ತಲ್ಲ. ಟೇಬಲ್ಲಿನ ಬಟ್ಟೆ ತೇವ ಹೀರಿ ಬಾಲ್ ನಿಧಾನವಾಗುತ್ತದೆ, ಅಷ್ಟೇ ದೂರಕ್ಕೆ ಜಾಸ್ತಿ ಜೋರು ಬೇಕು. ಎಸಿ ದಿನವಿಡೀ ಓಡುವ ಕಡೆ ಈ ಕಾಟ ಕಮ್ಮಿ.

ಸ್ನೂಕರ್ ಆಡುವ ಗೆಳೆಯರು ಇದನ್ನೆಲ್ಲ ಕೇಳಿ ನಗುತ್ತಾರೆ. ಅವರ ಬಾಲ್ 52.5 ಮಿಲಿಮೀಟರ್, ಪಾಕೆಟ್ಟಿನ ಬಾಯಿ ಇನ್ನೂ ಚಿಕ್ಕದು, ಬದಿಗಳು ದುಂಡಗೆ. ಪೂಲ್ ಪಾಕೆಟ್ಟಿನ ಬದಿ ನೇರವಾಗಿ ಕತ್ತರಿಸಿದಂತೆ ಇರುತ್ತದೆ. ನಗಲಿ ಬಿಡಿ.

ಹಾಗಂತ ಬಿಗಿ ಟೇಬಲ್ಲಿನಲ್ಲೇ ಅಭ್ಯಾಸ ಮಾಡಿ ಅಂತ ಹೇಳಲಾರೆ. ಹೊಸಬರಿಗಂತೂ ಬೇಡವೇ ಬೇಡ. ಬಾಲ್ ಬೀಳುವುದನ್ನು ನೋಡದೆ ಕೈಗೆ ಧೈರ್ಯ ಬರುವುದಿಲ್ಲ. ಹೆದರಿಕೊಂಡು ಕ್ಯೂವನ್ನು ಅರ್ಧಕ್ಕೇ ನಿಲ್ಲಿಸಿ ಕುಟುಕುವ ಚಟ ಹತ್ತಿದರೆ ಬಿಡಿಸುವುದು ಕಷ್ಟ. ಮೆಲ್ಲಗೆ ಹೊಡೆಯುವುದು ಬೇರೆ, ಅರ್ಧ ಹೊಡೆಯುವುದು ಬೇರೆ.

ನಾನು ಕಂಡುಕೊಂಡ ದಾರಿ ಸಡಿಲ ಟೇಬಲ್ಲನ್ನೇ ಬಿಗಿ ಮಾಡಿಕೊಳ್ಳುವುದು. ಹೊಡೆಯುವ ಮೊದಲು ಬಾಯಿಬಿಟ್ಟು ಹೇಳುತ್ತೇನೆ: "ಎಡ ಅರ್ಧ", ಇಲ್ಲವೇ "ಬಲ ಅರ್ಧ". ಹೇಳಿದ ಕಡೆ ಹೋಗದೆ ಬಿದ್ದರೆ ಅದು ಮಿಸ್, ಸರದಿ ಎದುರಾಳಿಗೆ. ಮೊದಮೊದಲು ನನ್ನ ಡೊಂಬಿವಲಿ ಗೆಳೆಯ "ಬಾಲ್ ಬಿತ್ತಲ್ಲ, ಸುಮ್ನೆ ಯಾಕೆ ತಲೆ ತಿಂತೀಯಾ" ಅಂತ ರೇಗುತ್ತಿದ್ದ. ಈಗ ಅವನೂ ಹಾಗೇ ಆಡುತ್ತಾನೆ. ಟೇಬಲ್ಲಿನ ದುಡ್ಡು ಸೋತವರೇ ಕೊಡಬೇಕು ಅಂತ ಮಾತಾದ ದಿನ ಮಾತ್ರ ಒಪ್ಪುವುದಿಲ್ಲ.