ಡೈರಿ ಬರೆಯುವವರೇ ಉಳಿಯದ ಬ್ರಿಗೇಡಿನ ಚರಿತ್ರೆ ಕಟ್ಟಿದ ಬಗೆ

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಭಾರತೀಯ ಸೇನೆಗೆ ಸೇರಿದ್ದ 45ನೇ ಇಂಡಿಯನ್ ಇನ್‌ಫೆಂಟ್ರಿ ಬ್ರಿಗೇಡ್ ಹುಟ್ಟಿದ್ದು 1941ರಲ್ಲಿ. 1942ರ ಜನವರಿ ಮುಗಿಯುವ ಮೊದಲೇ, ಜಪಾನಿನ ದಾಳಿಗೆ ಸಿಕ್ಕ ಮಲಯದ (ಇಂದಿನ ಮಲೇಷ್ಯಾ) ಮುವಾರ್ ನದಿಯ ಆಸುಪಾಸಿನಲ್ಲಿ ಅದು ನುಚ್ಚುನೂರಾಯಿತು. ಬಕ್ರಿಯಲ್ಲಿದ್ದ ಬ್ರಿಗೇಡ್ ಹೆಡ್‌ಕ್ವಾರ್ಟರ್ಸ್ ಮೇಲೆ ಬಾಂಬು ಬಿದ್ದು ಸಿಬ್ಬಂದಿಯ ಬಹುಪಾಲು ಸತ್ತರು. ಬ್ರಿಗೇಡಿಯರ್ ಡಂಕನ್ ಆಗಲಿ, ಮೂರು ಬೆಟಾಲಿಯನ್‌ಗಳ ಕಮಾಂಡರುಗಳಾಗಲಿ ಬದುಕಿ ಬರಲಿಲ್ಲ. ಇಂಥ ದಳದ ಕಥೆಯನ್ನು ಅದರದೇ ಕಾಗದಪತ್ರಗಳಿಂದ ಬರೆಯಲು ಹೊರಟರೆ ದಾರಿ ಬೇಗ ಮುಗಿದುಹೋಗುತ್ತದೆ.

ಹಾಗಾಗಿ ನಾನು ಪಕ್ಕದಲ್ಲಿ ಹೋರಾಡಿದವರ ಕಡೆಯಿಂದ ಶುರು ಮಾಡಿದೆ. ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್ ತನ್ನ ದೇಶದ ತುಕಡಿಗಳ ವಾರ್ ಡೈರಿಗಳನ್ನು (ತುಕಡಿಯೊಂದು ದಿನದಿನವೂ ಬರೆದಿಡುವ ದಾಖಲೆ) ಸ್ಕ್ಯಾನ್ ಮಾಡಿ ಜಾಲತಾಣದಲ್ಲಿ ಇಟ್ಟಿದೆ. ಡಂಕನ್ ಕೈಯಲ್ಲಿ ಆಗದಂತಾದಾಗ ಇಡೀ ಪಡೆಯ ಹೊಣೆ ಹೊತ್ತವರು 2/19ನೇ ಆಸ್ಟ್ರೇಲಿಯನ್ ಬೆಟಾಲಿಯನ್ನಿನ ಚಾರ್ಲ್ಸ್ ಆಂಡರ್ಸನ್. ಆಮೇಲೆ 1948ರಲ್ಲಿ ಲಂಡನ್ ಗೆಜೆಟ್‌ನಲ್ಲಿ ಅಚ್ಚಾದ ಮಲಯದ ಬ್ರಿಟಿಷ್ ಪಡೆಗಳ ಮುಖ್ಯಸ್ಥ ಜನರಲ್ ಪರ್ಸಿವಲ್ ಅವರ ವರದಿ ಓದಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು, ದಿನಾಂಕದ ಪ್ರಕಾರ ಒಂದು ಪಟ್ಟಿ ಮಾಡಿದೆ: ರಜಪೂತಾನಾ ರೈಫಲ್ಸ್‌ನ 7ನೇ, ಜಾಟ್ ರೆಜಿಮೆಂಟಿನ 4ನೇ, ಗಢವಾಲ್ ರೈಫಲ್ಸ್‌ನ 5ನೇ ಬೆಟಾಲಿಯನ್ನಿಗೆ ಒಂದೊಂದು ಕಾಲಂ.

ಈ ಬ್ರಿಗೇಡಿನ ಮಾತು ಬಂದರೆ ಸಾಕು, ಎಲ್ಲರೂ "ಹಸಿ ಹುಡುಗರು" ಎಂದು ಹೇಳಿ ಮುಂದೆ ಹೋಗುತ್ತಾರೆ. ಹೊಸ ಹುಡುಗರೆಂಬುದು ನಿಜ. ತರಬೇತಿಯೂ ಮಧ್ಯಪ್ರಾಚ್ಯದ ಮರಳುಗಾಡಿಗಾಗಿ ನಡೆದಿತ್ತು. ಆದರೆ ನಕ್ಷೆಯನ್ನು ಹರಡಿಕೊಂಡು ಅಪ್ಪಣೆಗಳನ್ನು ಓದಿ. ಸುಮಾರು 24 ಮೈಲಿ ನದೀತೀರವನ್ನು ಕಾಯಬೇಕು, ಅದೂ ಒಂದೇ ಬ್ರಿಗೇಡ್. ಮುಂಚೂಣಿಯ ಎರಡೂ ಬೆಟಾಲಿಯನ್‌ಗಳಿಂದ ಎರಡೆರಡು ಕಂಪನಿಗಳನ್ನು ನದಿಯ ಉತ್ತರ ದಂಡೆಗೆ ಕಳಿಸಿದ್ದರು. ಬೆನ್ನ ಹಿಂದೆ ನದಿ, ಮುವಾರ್ ಪಟ್ಟಣದಲ್ಲಿ ಸೇತುವೆ ಇಲ್ಲ, ದಾಟಲು ಫೆರಿ. ಎದುರಿಗೆ ಜಪಾನಿನ ಇಂಪೀರಿಯಲ್ ಗಾರ್ಡ್ಸ್ ಡಿವಿಷನ್. ಆ ಕಂಪನಿಗಳು ಅಲ್ಲೇ ಕೊಚ್ಚಿಹೋದವು. ಪಳಗಿದ ಸೈನಿಕರನ್ನು ನಿಲ್ಲಿಸಿದ್ದರೂ ಹೆಚ್ಚೇನು ಆಗುತ್ತಿತ್ತು? ನನ್ನ ಮಟ್ಟಿಗೆ ತಪ್ಪು ಆ ಅಪ್ಪಣೆಯದು, ಹುಡುಗರದಲ್ಲ.

ಹಿಮ್ಮೆಟ್ಟಿ ಯೋಂಗ್ ಪೆಂಗ್ ಪಟ್ಟಣ ತಲುಪಿದ ಭಾರತೀಯರು ಸುಮಾರು 400. ಆ ದಾರಿಯ ಪರಿತ್ ಸುಲೋಂಗ್ ಸೇತುವೆಯ ಬಳಿ ಬಿಟ್ಟುಬಂದ ಗಾಯಾಳುಗಳನ್ನು, ಆಸ್ಟ್ರೇಲಿಯನ್ನರು ಭಾರತೀಯರು ಎನ್ನದೆ, ಜಪಾನಿಯರು ಜನವರಿ 22ರಂದು ಕೊಂದರು. ಇದಕ್ಕಾಗಿ ಇಂಪೀರಿಯಲ್ ಗಾರ್ಡ್ಸ್ ಡಿವಿಷನ್ನಿನ ಮುಖ್ಯಸ್ಥ ಜನರಲ್ ನಿಶಿಮುರಾಗೆ 1951ರಲ್ಲಿ ಗಲ್ಲಾಯಿತು.

ಸಿಪಾಯಿಗಳ ಹೆಸರು ಸಿಗುವುದು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ. 24,000ಕ್ಕೂ ಹೆಚ್ಚು ಹೆಸರುಗಳಿರುವ ಸಿಂಗಪುರದ ಕ್ರಾಂಜಿ ಸ್ಮಾರಕದಿಂದ ಹುಡುಕಾಟ ಶುರು ಮಾಡಿ. ಕೆಲವು ನಮೂದುಗಳಲ್ಲಿ ತಂದೆಯ ಹೆಸರು, ಹೆಂಡತಿಯ ಹೆಸರು, ಊರು, ಜಿಲ್ಲೆ ಎಲ್ಲ ಇರುತ್ತದೆ. ಯುದ್ಧದ ವರದಿಗಳಲ್ಲಿ ಬರೀ ಲೆಕ್ಕವಾಗಿದ್ದವನಿಗೆ ಇಲ್ಲಿ ಮನೆಯಿದೆ. ಆದರೆ ರೆಜಿಮೆಂಟಿನ ಹೆಸರು ಒಂದನ್ನೇ ಕೊಟ್ಟು ಹುಡುಕಬೇಡಿ. ಗಢವಾಲ್ ರೈಫಲ್ಸ್‌ನ 2ನೇ ಬೆಟಾಲಿಯನ್ ಮಲಯದ ಪೂರ್ವ ಕರಾವಳಿಯ ಕ್ವಾಂಟನ್‌ನಲ್ಲಿತ್ತು, ಜಾಟರ 2ನೆಯದೂ ಮಲಯದಲ್ಲೇ ಕಾದಿತ್ತು. ಬೆಟಾಲಿಯನ್ ಸಂಖ್ಯೆ ಮತ್ತು ದಿನಾಂಕ ಎರಡನ್ನೂ ಸೇರಿಸಿ ಸೋಸಿದರೆ ಮಾತ್ರ ಮುವಾರ್‌ನವರು ಬೇರೆಯಾಗಿ ಸಿಗುತ್ತಾರೆ.