ಒಂಟಾರಿಯೊಗೆ ಹೊಸದಾಗಿ ಬಂದಿದ್ದೀರಾ? ಮೊದಲು ಹೆಲ್ತ್ ಕಾರ್ಡ್ ಮಾಡಿಸಿ

ಬಂದ ಮೊದಲ ವಾರ ಹೇಗೆ ಕಳೆಯಿತು ಅಂತಲೇ ಗೊತ್ತಾಗುವುದಿಲ್ಲ. ಮಕ್ಕಳಿಗೆ ರಾತ್ರಿ ಎರಡು ಗಂಟೆಗೆ ಹಸಿವು, ಹಗಲೆಲ್ಲ ನಿದ್ದೆ. ಸಿಮ್, ಬ್ಯಾಂಕು, ಕೆಲಸಕ್ಕೆ ಬೇಕಾದ ಸಿನ್ ನಂಬರು, ಶಾಲೆ, ಬಾಡಿಗೆ ಮನೆ ಅಂತ ಓಡಾಟ. ಈ ಗಡಿಬಿಡಿಯಲ್ಲಿ ಹೆಲ್ತ್ ಕಾರ್ಡ್ ಕೆಲಸ ಹಿಂದೆ ಬೀಳುತ್ತದೆ. ದಯವಿಟ್ಟು ಅದನ್ನು ಮುಂದೂಡಬೇಡಿ. ಮನೆಯವರೆಲ್ಲ ಆರೋಗ್ಯವಾಗಿದ್ದಾರೆ ಅಂತ ಸುಮ್ನೆ ಕೂತವರ ಮನೆಯಲ್ಲೇ ಮಗುವಿಗೆ ರಾತ್ರೋರಾತ್ರಿ ಜ್ವರ ಏರಿದ್ದನ್ನು ಸಂಘದಲ್ಲಿ ನಾವು ನೋಡಿದ್ದೇವೆ.

"ಮೂರು ತಿಂಗಳು ಕಳೆಯಲಿ ಬಿಡಿ, ಆಮೇಲೆ ಅರ್ಜಿ ಹಾಕಿದರಾಯ್ತು" ಅಂತ ಹಳಬರು ಯಾರಾದರೂ ಹೇಳಿದರೆ, ಅದು ಅವರು ಬಂದ ಕಾಲದ ಮಾತು. ಆಗ ಇಲ್ಲಿ ಮೂರು ತಿಂಗಳು ಕಾಯಲೇಬೇಕಿತ್ತು. ಕೋವಿಡ್ ಶುರುವಾದಾಗ, 2020ರ ಮಾರ್ಚ್ 19ರಿಂದ, ಒಂಟಾರಿಯೊ ಸರ್ಕಾರ ಆ ನಿಯಮವನ್ನು ತೆಗೆದುಹಾಕಿತು. ಪಿಆರ್, ಅಂದರೆ ಕಾಯಂ ವಾಸದ ಅನುಮತಿ, ಸಿಕ್ಕಿ ಇಲ್ಲಿಗೇ ನೆಲೆಸಲು ಬಂದವರು ಈಗ ಬಂದ ಕೂಡಲೇ ಓಹಿಪ್‌ಗೆ, ಅಂದರೆ ಒಂಟಾರಿಯೊದ ಸರ್ಕಾರಿ ಆರೋಗ್ಯ ವಿಮೆಗೆ, ಅರ್ಜಿ ಹಾಕಬಹುದು. ಹೆಲ್ತ್ ಕಾರ್ಡ್ ಅಂದರೆ ಇದೇ ವಿಮೆಯ ಕಾರ್ಡ್. ವ್ಯಾಂಕೂವರ್ ಕಡೆಯ ನೆಂಟರು ಬೇರೆ ಲೆಕ್ಕ ಹೇಳಿದರೆ ಗೊಂದಲ ಬೇಡ. ಬ್ರಿಟಿಷ್ ಕೊಲಂಬಿಯಾದಲ್ಲಿ ಬಂದ ತಿಂಗಳಲ್ಲಿ ಉಳಿದ ದಿನ, ಅದರ ಮೇಲೆ ಇನ್ನೆರಡು ತಿಂಗಳು ಕಾಯಬೇಕು. ಕೆನಡಾದಲ್ಲಿ ಪ್ರಾಂತ್ಯಕ್ಕೊಂದು ನಿಯಮ.

ವರ್ಕ್ ಪರ್ಮಿಟ್ ಮೇಲೆ ಬಂದವರಿಗೂ ಓಹಿಪ್ ಇದೆ. ಆದರೆ ಒಂಟಾರಿಯೊದ ಕಂಪನಿಯಲ್ಲಿ ಸತತ ಆರು ತಿಂಗಳಾದರೂ ಫುಲ್ ಟೈಮ್ ಕೆಲಸ ಇರಬೇಕು. ಅದನ್ನು ತಿಳಿಸುವ ಪತ್ರವನ್ನು ಕಂಪನಿಯಿಂದ ಬರೆಸಿಕೊಳ್ಳಿ. ಅವರಿಗೆ ಸಿಕ್ಕರೆ ಗಂಡ ಅಥವಾ ಹೆಂಡತಿಗೂ ಮಕ್ಕಳಿಗೂ ಸಿಗುತ್ತದೆ. ಓದಲು ಬಂದವರಿಗೆ ಸ್ಟಡಿ ಪರ್ಮಿಟ್ ಮೇಲೆ ಓಹಿಪ್ ಇಲ್ಲ. ಅವರಿಗೆ ಯೂನಿವರ್ಸಿಟಿ ಅಥವಾ ಕಾಲೇಜಿನ ಮೂಲಕ ಬರುವ ವಿಮೆಯೇ ಆಧಾರ. ಹೆಂಡತಿ ಓದುತ್ತಿದ್ದು ಗಂಡನಿಗೆ ಫುಲ್ ಟೈಮ್ ಕೆಲಸ ಸಿಕ್ಕಿದೆಯಾ? ಹಾಗಾದರೆ ಗಂಡನ ಅರ್ಜಿಯ ಜೊತೆ ಹೆಂಡತಿಯದನ್ನೂ ಹಾಕಿ. ಇದು ಗೊತ್ತಿಲ್ಲದೆ ಬಿಟ್ಟವರು ನಮ್ಮಲ್ಲಿ ಬಹಳ ಜನ.

ಕೌಂಟರ್‌ಗೆ ಹೋಗುವ ಮುಂಚೆ

ಅರ್ಜಿ ಹಾಕುವುದು ಸರ್ವಿಸ್ ಒಂಟಾರಿಯೊ ಕಚೇರಿಯಲ್ಲಿ. ದುಡ್ಡು ಕೊಡಬೇಕಾಗಿಲ್ಲ. ಮೂರು ಬೇರೆ ಬೇರೆ ದಾಖಲೆ ಬೇಕು. ಕೆನಡಾದಲ್ಲಿ ಇರಲು ಅನುಮತಿ ಇದೆ ಅನ್ನುವುದಕ್ಕೆ ಒಂದು: ಪಿಆರ್ ಕಾರ್ಡ್, ಅದು ಇನ್ನೂ ಬಂದಿಲ್ಲದಿದ್ದರೆ ಪಿಆರ್ ದೃಢೀಕರಣ ಪತ್ರ, ಅಥವಾ ವರ್ಕ್ ಪರ್ಮಿಟ್. ಒಂಟಾರಿಯೊದಲ್ಲಿ ಮನೆ ಇದೆ ಅನ್ನುವುದಕ್ಕೆ ಒಂದು. ನೀವು ನೀವೇ ಅನ್ನುವುದಕ್ಕೆ ಒಂದು, ಇದಕ್ಕೆ ಪಾಸ್‌ಪೋರ್ಟ್ ಸಾಕು.

ಎಲ್ಲರೂ ಎಡವುವುದು ಎರಡನೆಯದರಲ್ಲಿ. ನಾವು ಬಂದ ಹೊಸದರಲ್ಲಿ ಬಾಡಿಗೆ ಕರಾರನ್ನು ಫೋನ್‌ನಲ್ಲಿ ಇಟ್ಟುಕೊಂಡು ಹೋಗಿದ್ದೆ. ಜನವರಿ ತಿಂಗಳು, ಮಗಳಿಗೆ ದಪ್ಪ ಜಾಕೆಟ್ ತೊಡಿಸಿ, ಎರಡು ಬಸ್ ಬದಲಿಸಿ, ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಕೌಂಟರ್‌ನಲ್ಲಿದ್ದ ಹೆಂಗಸು ಪರದೆ ನೋಡಿ, "ಇದು ಆಗುವುದಿಲ್ಲ, ಮೂಲ ಪ್ರತಿ ತನ್ನಿ" ಅಂದರು. ಮಗಳು ಆಗಲೇ ಕುರ್ಚಿಯಲ್ಲಿ ನಿದ್ದೆ ಹೋಗಿದ್ದಳು. ಅವಳನ್ನು ಎತ್ತಿಕೊಂಡು ಅದೇ ಎರಡು ಬಸ್ ಹಿಡಿದು ವಾಪಸ್ ಬಂದೆ.

ಹಾಗಾಗಿ ಸಹಿ ಇರುವ ಬಾಡಿಗೆ ಕರಾರನ್ನೇ ಕೈಯಲ್ಲಿ ಹಿಡಿದು ಹೋಗಿ. ಪರಿಚಯದವರ ಬೇಸ್‌ಮೆಂಟ್‌ನಲ್ಲಿ ಇದ್ದೀರಾ? ಬಾಯಿಮಾತಿನ ಒಪ್ಪಂದ ಸಾಲದು. ಬರಹದಲ್ಲಿ ಮಾಡಿಕೊಡಿ ಅಂತ ಕೇಳಲು ಸಂಕೋಚ ಬೇಡ, ಅವರಿಗೂ ಅದು ಒಳ್ಳೆಯದೇ. ಖಾತೆ ತೆರೆಯುವಾಗ ಸ್ಟೇಟ್‌ಮೆಂಟ್ ಅಂಚೆಯಲ್ಲಿ ಬರಲಿ ಅಂತ ಬ್ಯಾಂಕಿನಲ್ಲಿ ಹೇಳಿ. ಮನೆ ವಿಳಾಸಕ್ಕೆ ಬಂದ ಆ ಕಾಗದವೂ ನಡೆಯುತ್ತದೆ. ಕೆಲಸ ಶುರುವಾಗಿದ್ದರೆ ಸಂಬಳದ ಚೀಟಿ ಆಗುತ್ತದೆ.

ಹೆಸರಿನ ವಿಷಯ ನಮ್ಮವರಿಗೆ ಜಾಸ್ತಿ ತೊಂದರೆ. ಅಪ್ಪನ ಹೆಸರು, ಊರಿನ ಹೆಸರು, ಇನಿಷಿಯಲ್ಲು, ಕೆಲವರಿಗೆ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗವೇ ಖಾಲಿ. ಕರಾರಿನಲ್ಲಿ ಒಂದು ಥರ, ಪಿಆರ್ ಪತ್ರದಲ್ಲಿ ಇನ್ನೊಂದು ಥರ ಇದ್ದರೆ ಕೌಂಟರ್‌ನಲ್ಲಿ ಪ್ರಶ್ನೆ ಬರುತ್ತದೆ. ಮೊದಲ ದಿನದಿಂದಲೇ ಎಲ್ಲ ಕಡೆ ವಲಸೆ ಕಾಗದದಲ್ಲಿ ಇರುವ ಹಾಗೆಯೇ ಬರೆಸಿ.

ದೊಡ್ಡವರೆಲ್ಲ ಖುದ್ದಾಗಿ ಹೋಗಬೇಕು, ಫೋಟೊ ಅಲ್ಲೇ ತೆಗೆಯುತ್ತಾರೆ. ಕಾರ್ಡ್ ಆಮೇಲೆ ಅಂಚೆಯಲ್ಲಿ ಬರುತ್ತದೆ. ಅಲ್ಲಿಯವರೆಗೆ ಅವರು ಕೈಗೆ ಕೊಟ್ಟ ಕಾಗದವನ್ನು ಜೋಪಾನ ಮಾಡಿ. ಕಾರ್ಡ್ ಮೇಲೆ ಹತ್ತು ಅಂಕಿ, ಕೊನೆಗೆ ಎರಡು ಅಕ್ಷರ ಇರುತ್ತದೆ. ಕ್ಲಿನಿಕ್‌ನಲ್ಲಿ ನಂಬರ್ ಕೇಳಿದಾಗ ಆ ಅಕ್ಷರಗಳನ್ನೂ ಹೇಳಿ. ಮನೆ ಬದಲಿಸಿದರೆ 30 ದಿನದೊಳಗೆ ಹೊಸ ವಿಳಾಸ ತಿಳಿಸಬೇಕು.

ಇನ್ನೊಂದು ಲೆಕ್ಕ ನೆನಪಿರಲಿ. ಬಂದ ಮೊದಲ 183 ದಿನಗಳಲ್ಲಿ 153 ದಿನ ಒಂಟಾರಿಯೊದಲ್ಲೇ ಇರಬೇಕು. ಅಂದರೆ ಆ ಆರು ತಿಂಗಳಲ್ಲಿ ಹೊರಗೆ ಇರಬಹುದಾದದ್ದು 30 ದಿನ ಮಾತ್ರ. ಪಿಆರ್ ಕಾಗದ ಆಯ್ತು ಅಂತ ಬೆಂಗಳೂರಿಗೆ ಹೋಗಿ ನಾಲ್ಕು ತಿಂಗಳು ಕೂರುವ ಯೋಚನೆ ಇದ್ದರೆ, ಮೊದಲು ಈ ಲೆಕ್ಕ ಹಾಕಿ. ಆಮೇಲೂ ಯಾವುದೇ 12 ತಿಂಗಳಲ್ಲಿ 153 ದಿನ ಇಲ್ಲಿರಬೇಕು.

ಕಾರ್ಡ್ ಬಂದ ಮೇಲೂ ಕೈಯಿಂದ ಕೊಡಬೇಕಾದದ್ದು

ಡಾಕ್ಟರ್ ಭೇಟಿ, ಆಸ್ಪತ್ರೆ, ಡಾಕ್ಟರ್ ಬರೆದ ರಕ್ತ ಪರೀಕ್ಷೆ, ಹೆರಿಗೆ, ಇವು ಓಹಿಪ್‌ನಲ್ಲಿ ಬರುತ್ತವೆ. ಅಂಗಡಿಯಲ್ಲಿ ಕೊಳ್ಳುವ ಔಷಧಿ, ಹಲ್ಲು, ಕನ್ನಡಕ ಬರುವುದಿಲ್ಲ. ತುರ್ತಿಗೆ ಕರೆದ ಆಂಬುಲೆನ್ಸ್‌ಗೂ 45 ಡಾಲರ್ ಬಿಲ್ ಬರುತ್ತದೆ. 24 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಖಾಸಗಿ ವಿಮೆ ಇಲ್ಲದಿದ್ದರೆ ಓಹಿಪ್ ಪ್ಲಸ್ ಅಡಿಯಲ್ಲಿ ಪಟ್ಟಿಯಲ್ಲಿರುವ ಔಷಧಿ ಉಚಿತ. ಮಕ್ಕಳಿರುವವರಿಗೆ ಇದು ದೊಡ್ಡ ಅನುಕೂಲ.

ಊರಿಂದ ಬರುವಾಗ ಮಾತ್ರೆಯ ಬ್ರಾಂಡ್ ಹೆಸರು ಮಾತ್ರ ತರಬೇಡಿ. ಇಲ್ಲಿ ಡೋಲೊ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ. ಪ್ಯಾರಾಸಿಟಮಾಲ್ ಅನ್ನುವ ಹೆಸರೂ ಇಲ್ಲಿಲ್ಲ, ಅಸಿಟಾಮಿನೋಫೆನ್ ಅನ್ನುತ್ತಾರೆ. ಮಾತ್ರೆಯ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ಇದಿಷ್ಟನ್ನು ಡಾಕ್ಟರ್ ಕೈಲಿ ಬರೆಸಿಕೊಂಡು ಬನ್ನಿ. ಮಕ್ಕಳ ಲಸಿಕೆ ಕಾರ್ಡ್, ಅದೇ ನಮ್ಮ ತಾಯಿ ಕಾರ್ಡ್, ಮರೆಯಲೇಬೇಡಿ. ಶಾಲೆಗೆ ಸೇರಿದ ಮೇಲೆ ಲಸಿಕೆಯ ವಿವರವನ್ನು ಸ್ಥಳೀಯ ಪಬ್ಲಿಕ್ ಹೆಲ್ತ್ ಕಚೇರಿಗೆ ಕೊಡಬೇಕಾಗುತ್ತದೆ.

ಅಪ್ಪ ಅಮ್ಮ ಬರುವಾಗ

ನಮಗೆ ಬರುವ ಫೋನ್‌ಗಳಲ್ಲಿ ಮನಸ್ಸಿಗೆ ಬಹಳ ನೋವಾಗುವುದು ಇವೇ. ವಿಸಿಟರ್ ವೀಸಾ ಇರಲಿ, ಅಪ್ಪ ಅಮ್ಮಂದಿರು ಹೆಚ್ಚು ಕಾಲ ಬಂದಿರಲು ಕೊಡುವ ಸೂಪರ್ ವೀಸಾ ಇರಲಿ, ಅಪ್ಪ ಅಮ್ಮನಿಗೆ ಓಹಿಪ್ ಇಲ್ಲ. ಸೂಪರ್ ವೀಸಾಗೆ ಕನಿಷ್ಠ 1,00,000 ಡಾಲರ್‌ನ ಒಂದು ವರ್ಷದ ವಿಮೆ ಕಡ್ಡಾಯ. ವಿಸಿಟರ್ ವೀಸಾಗೆ ಕಡ್ಡಾಯ ಅಲ್ಲ, ಅದಕ್ಕೇ ಕೆಲವರು ಬಿಟ್ಟುಬಿಡುತ್ತಾರೆ. ಬಿಡಬೇಡಿ. ವಿಮಾನ ಹತ್ತುವ ಮುಂಚೆಯೇ ಕೊಳ್ಳಿ. ಬಂದ ಮೇಲೆ ಕೊಂಡರೆ ಕಾಯಿಲೆಗೆ ವಿಮೆ ಶುರುವಾಗಲು ಸಾಮಾನ್ಯವಾಗಿ ಕೆಲವು ದಿನ ಕಾಯಬೇಕು.

ವಿಮೆ ಇದ್ದರೂ ಒಂದು ಸಾಲು ಓದಲೇಬೇಕು. ಬಿಪಿ, ಶುಗರ್ ಇದ್ದವರಿಗೆ ಆ ಕಾಯಿಲೆ "ಸ್ಟೇಬಲ್" ಆಗಿದ್ದರೆ ಮಾತ್ರ ದುಡ್ಡು ಅಂತ ಬಹಳ ಪಾಲಿಸಿಗಳಲ್ಲಿ ಬರೆದಿರುತ್ತದೆ. 90 ದಿನವೋ 180 ದಿನವೋ, ಪಾಲಿಸಿಗೊಂದು ಲೆಕ್ಕ. ಅಷ್ಟು ದಿನ ಮಾತ್ರೆಯ ಪ್ರಮಾಣ ಬದಲಾಗಿರಬಾರದು. ಅಮ್ಮನ ಮಾತ್ರೆ ಡಬ್ಬಿ ನೆನಪಿಸಿಕೊಳ್ಳಿ. ಹೊರಡುವ ವಾರ ಮೈಸೂರಿನ ಡಾಕ್ಟರ್ ಬಿಪಿ ಮಾತ್ರೆಯನ್ನು 5 ಮಿಲಿಗ್ರಾಂನಿಂದ 10ಕ್ಕೆ ಏರಿಸಿರುತ್ತಾರೆ. ಅಮ್ಮ ಅದನ್ನು ದೊಡ್ಡ ವಿಷಯ ಅಂತ ಹೇಳುವುದೂ ಇಲ್ಲ. ಇಲ್ಲಿ ಎದೆನೋವು ಅಂತ ಆಸ್ಪತ್ರೆಗೆ ಸೇರಿದರೆ ಕಂಪನಿ ಅದೇ ಕಾರಣ ಹಿಡಿದು ಬಿಲ್ ತಿರಸ್ಕರಿಸಬಹುದು. ಟಿಕೆಟ್ ತೆಗೆಯುವ ಮೊದಲೇ ಊರಿನ ಡಾಕ್ಟರ್ ಹತ್ತಿರ ತಪಾಸಣೆ ಮುಗಿಸಿ. ಏನಾದರೂ ಬದಲಾಗಿದ್ದರೆ ವಿಮೆಯವರಿಗೆ ಮುಚ್ಚಿಡದೆ ಹೇಳಿ, ಅವರ ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಫ್ಯಾಮಿಲಿ ಡಾಕ್ಟರ್ ಸಿಗಲು ಇಲ್ಲಿ ಕಾಲ ಹಿಡಿಯುತ್ತದೆ. ಕಾರ್ಡ್ ನಂಬರ್ ಸಿಕ್ಕ ದಿನವೇ ಸರ್ಕಾರದ ಹೆಲ್ತ್ ಕೇರ್ ಕನೆಕ್ಟ್‌ನಲ್ಲಿ ಹೆಸರು ನೋಂದಾಯಿಸಿ. ಅಲ್ಲಿಯವರೆಗೆ ಶೀತ ಜ್ವರಕ್ಕೆ ವಾಕ್-ಇನ್ ಕ್ಲಿನಿಕ್ ಇದೆ. ರಾತ್ರಿ ಹೊತ್ತು ಏನು ಮಾಡುವುದು ಅಂತ ತೋಚದಿದ್ದರೆ 811ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ನರ್ಸ್ ಸಲಹೆ ಉಚಿತವಾಗಿ ಸಿಗುತ್ತದೆ. ಎದೆನೋವು, ಉಸಿರಾಟದ ತೊಂದರೆ ಅಂದರೆ ಯೋಚನೆ ಬೇಡ, ನೇರ 911.

ಕೌಂಟರ್‌ಗೆ ಒಬ್ಬರೇ ಹೋಗಲು ಅಳುಕಾದರೆ ಸಂಘದವರಿಗೆ ಹೇಳಿ. ನಮ್ಮಲ್ಲಿ ಯಾರಾದರೂ ಜೊತೆಗೆ ಬರುತ್ತೇವೆ. ಕಾಗದಗಳನ್ನು ಹಿಂದಿನ ದಿನವೇ ಒಟ್ಟಿಗೆ ಕೂತು ನೋಡೋಣ.